ಸಾಹೇಬರು ಮುಳುಗಿಸಿದ ದೋಣಿಗಳು

ನಂಬದಿದ್ದರೆ ಬಿಡಿ. ಭಟ್ಕಳದಿಂದ ಕುಮಟೆವರೆಗೆ ಕಂಪ್ಯೂಟರಿನಲ್ಲಿ ವಿಜ್ಞಾನ ಕಲಿಸಿದ ಮೊದಲ ಮಾಸ್ತರ ನಾನು, ಬಾಡ ಎಂಬ ಊರಿನ ಗದ್ದೆಯ ಕೆಸರು ತುಳಿದು ಬೆಳೆದವ. ಅಲ್ಲ ಅನ್ನುವವರು ಇನ್ನೊಬ್ಬನನ್ನು ತೋರಿಸಲಿ, ಮೀಸೆ ಬೋಳಿಸ್ತೇನೆ. ಇಂಥ ಕೆಲಸಕ್ಕೆ ಕೈ ಹಾಕಿದವನಿಗೆ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಹೊನ್ನಾವರದ ಹೊಳೆಬದಿಯ ಹೈಸ್ಕೂಲು. ಕಂಪ್ಯೂಟರುಗಳು ಬಂದು ಎರಡು ವರ್ಷವಾದರೂ ಹೂವಿನ ಬಟ್ಟೆ ಹೊದ್ದು ಮಲಗಿದ್ದವು. ಕೋಣೆಯ ಚಾವಿಯನ್ನು ಹೆಡ್ಮಾಸ್ತರಿಂದ ಕಾಡಿ ಬೇಡಿ ಒಂದು ತಿಂಗಳ ಮಟ್ಟಿಗೆ ಪಡೆದೆ. ಏನಾದರೂ ಹಾಳಾದರೆ ಚಾವಿ ವಾಪಸ್ ಅಂದರು.

೧. ಬೆಂಕಿ

ಸಿಮ್ಯುಲೇಶನ್ ಅಂದರೆ ಮತ್ತೆಂತ ಅಲ್ಲ, ಮೌಸ್ ಹಿಡಿದು ಪರದೆಯಲ್ಲೇ ಮಾಡುವ ಪ್ರಯೋಗ. ಮೂರು ವಾರ ಚೆಂದ ನಡೆಯಿತು; ಭೂಮಿಯ ಗುರುತ್ವವನ್ನೇ ಸೊನ್ನೆಗೆ ಇಳಿಸಿ ಎಸೆದ ಕಲ್ಲು ಬೀಳದಂತೆ ಮಾಡಿ ತೋರಿಸಿದೆ. ಆಮೇಲೊಬ್ಬ ತಂತಿಯನ್ನು ತಪ್ಪಾಗಿ ಜೋಡಿಸಿದ, ಚಿತ್ರದ ಬ್ಯಾಟರಿಗೆ ಚಿತ್ರದ ಬೆಂಕಿ ಹತ್ತಿತು. ಇಡೀ ಒಂಬತ್ತನೇ ಕ್ಲಾಸು ಬೆಂಕಿ ಬೆಂಕಿ ಎಂದು ಕುಣಿಯಿತು. ಪ್ಯೂನ್ ಓಡಿಬಂದು ಕೆಂಪು ಬಕೆಟ್ಟಿನ ಮರಳನ್ನು ಅಷ್ಟೂ ಕೀಬೋರ್ಡಿನ ಮೇಲೆ ಸುರಿದ. ಹೆಡ್ಮಾಸ್ತರು ಬೈದರೆ ಅವನದೇ ದೊಡ್ಡ ಬಾಯಿ: "ಉರೀಲಿಕ್ಕೆ ಶುರುವಾದ ಮೇಲೆ ಯಾವ ಬೆಂಕಿ ಅಂತ ಕೇಳ್ಕಂಡು ನಿಲ್ಲೂದಾ?"

ಚಾವಿ ವಾಪಸ್ ಹೋಯಿತು.

೨. ಉತ್ತರಪತ್ರಿಕೆ

ಪರೀಕ್ಷೆಯಲ್ಲಿ, ಮೇಲೆಸೆದ ಕಲ್ಲು ಕೆಳಗೆ ಬೀಳುವುದೇಕೆ ಎಂದು ಕೇಳಿದ್ದೆ. ಒಬ್ಬ ಬರೆದ: "ಮಾಸ್ತರು ಗುರುತ್ವವನ್ನು ಸೊನ್ನೆಗೆ ಇಳಿಸದ ಕಾರಣ." ನಾನು ಪೂರ್ತಿ ಅಂಕ ಕೊಟ್ಟೆ. ಚಾವಿ ಕೇಳಲು ಹೋದಾಗ ಹೆಡ್ಮಾಸ್ತರು ಅದೇ ಹಾಳೆ ಮುಂದೆ ಹಿಡಿದರು.

"ಭೂಮಿಯನ್ನೇ ನಿಮ್ಮ ಕೈಗೆ ಕೊಟ್ಟಾತು. ಇನ್ನು ಚಾವಿ ಎಂತಕ್ಕೆ?"

೩. ದೋಣಿ

ಇಲಾಖೆಯ ಸಾಹೇಬರು ತಪಾಸಣೆಗೆ ಬಂದು ಕಂಪ್ಯೂಟರ್ ಪಾಠ ನೋಡಬೇಕೆಂದರು. ಇವತ್ತು ಮರ್ಯಾದೆ ಹೋದರೆ ಈ ಬಾಗಿಲು ಕಾಯಂ ಬಂದ್ ಎಂದು ಹೆಡ್ಮಾಸ್ತರು ನನ್ನ ಕಿವಿಯಲ್ಲಿ ಹೇಳಿಯೇ ಬೀಗ ತೆಗೆದರು.

ನಾನು ತೇಲುವ ದೋಣಿಯ ಪ್ರಯೋಗ ಹಾಕಿದೆ. ಹೇರು ತುಂಬಿದ ದೋಣಿ ಸಮುದ್ರದಿಂದ ಹೊಳೆಗೆ ಬಂದರೆ ಎಂತ ಆಗ್ತದೆ ಎಂದು ಸಾಹೇಬರು ಕೇಳಿದರು. ಹೇರು ಅಷ್ಟೇ, ದೋಣಿ ಅದೇ, ಎಂತದೂ ಆಗೂದಿಲ್ಲ ಎಂದು ತಾವೇ ಉತ್ತರ ಕೊಟ್ಟರು. ಮೀನು ಹಿಡಿಯುವವರ ಮನೆಯ ಹುಡುಗಿಯೊಬ್ಬಳು ಎದ್ದಳು.

"ಒಂದು ಬೆರಳು ಇಳಿತದೆ ಸರ್. ಹೊಳೆನೀರು ಸಪ್ಪೆ. ಅಪ್ಪ ಅಷ್ಟು ಜಾಗ ಬಿಟ್ಟೇ ಮೀನು ತುಂಬೂದು."

ಸಾಹೇಬರು ನಕ್ಕರು. ನಾನು ಪರದೆಯ ನೀರಿನ ಉಪ್ಪು ಇಳಿಸಿದೆ. ದೋಣಿ ಇಳಿಯಿತು, ಸಾಹೇಬರ ನಗೆಯೂ ಇಳಿಯಿತು.

ಸರಿಯಿರಿ ಎಂದು ತಾವೇ ಮೌಸ್ ಹಿಡಿದರು. ಉಪ್ಪು ಇಳಿಸಿದರು, ಹೇರು ಏರಿಸಿದರು, ದೋಣಿ ಮುಳುಗಿತು. ಇನ್ನೊಂದು ಹಾಕಿಸಿದರು, ಅದೂ ತಳ ಸೇರಿತು. ಅವರಿಗೆಂದೇ ಹುರಿದ ಬಂಗಡೆ ತಣ್ಣಗಾಗುತ್ತಿತ್ತು. ಹೆಡ್ಮಾಸ್ತರು ಊಟಕ್ಕೆ ಮೂರನೇ ಸಲ ಕರೆಯುವಾಗ ಸಾಹೇಬರು ಒಂಬತ್ತನೇ ದೋಣಿ ಮುಳುಗಿಸುತ್ತಿದ್ದರು. ಹುಡುಗಿಗೆ ನೋಡಿ ತಡೆಯಲಾಗಲಿಲ್ಲ.

"ಸರ್, ಬೇಜಾರ ಮಾಡ್ಕಬೇಡಿ. ನಮ್ಮ ದೋಣಿಗೆ ಮಾತ್ರ ಬರಬೇಡಿ."

ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹೇಬರೇ. ಇಂಥ ಪಾಠ ನಿಲ್ಲಿಸಬೇಡಿ ಎಂದು ಹೆಡ್ಮಾಸ್ತರಿಗೆ ಹೇಳಿ ಊಟಕ್ಕೆ ಎದ್ದರು. ಮರುದಿನ ಹೆಡ್ಮಾಸ್ತರು ನನಗೆ ಕೋಣೆಯ ಚಾವಿ ಕೊಟ್ಟರು, ವಾರಕ್ಕೆ ಎರಡು ಪಿರಿಯಡ್ ಕೊಟ್ಟರು.