ದಿನಕ್ಕೆ ಐವತ್ತು ಹೊಡೆದ ಕಾಕಾ

ಯುದ್ಧ ಗಡಿಯಲ್ಲಿ ಮಾತ್ರ ನಡೆಯುತ್ತದೆ ಅನ್ನುವವರು ರೋಣದ ನಮ್ಮ ಫೋಟೋ ಸ್ಟುಡಿಯೋದಲ್ಲಿ ಒಂದು ವಾರ ಕೂತು ನೋಡಬೇಕು. ರಜೆಗೆ ಬಂದ ಸೈನಿಕರು ಬರುತ್ತಾರೆ, ಅವರ ಬೆನ್ನಿಗೇ ಅವರ ಮನೆಯವರೂ.

೧. ಟ್ಯಾಂಕು

ನರಗುಂದದ ಒಬ್ಬ ಯೋಧನಿಗೆ ಕನ್ಯೆಯ ಕಡೆಯವರಿಗೆ ಕಳಿಸಲು ಫೋಟೋ ಬೇಕಿತ್ತು. ಹಿಂದೆ ಟ್ಯಾಂಕು ಇರಲಿ ಅಂದ. ಕಂಪ್ಯೂಟರಿನಲ್ಲಿ ಕೂಡಿಸಿ ಕೊಟ್ಟೆ. ಮರುದಿನ ಅವನ ತಾಯಿ ಬಂದರು.

"ಅಕ್ಕಾರ, ಇದನ್ನ ತಗದು ಟ್ರ್ಯಾಕ್ಟರ್ ಇಡ್ರಿ. ಹೆಣ್ಣಿನವ್ರು ಹೊಲಾ ಎಷ್ಟೈತಿ ಅಂತ ಕೇಳ್ಯಾರ, ತೋಪು ಎಷ್ಟದಾವ ಅಂತ ಕೇಳಿಲ್ಲ."

೨. ಹೊಡೆಯುವ ಕೆಲಸ

ಜಕ್ಕಲಿಯ ಕಾಕಾ ತಮ್ಮ ಹೆಂಡತಿ ಕಾಕುವನ್ನು ಕರೆದುಕೊಂಡು ಬಂದದ್ದು ಆಗಸ್ಟ್ ತಿಂಗಳಲ್ಲಿ. ಊರ ಶಾಲೆಯವರು ನಿವೃತ್ತ ಸೈನಿಕನೆಂದು ಅವರ ಫೋಟೋ ಗೋಡೆಗೆ ಹಾಕುತ್ತಾರಂತೆ, ಸಮವಸ್ತ್ರದ್ದೇ ಬೇಕಂತೆ. ಅದೇ ಇಲ್ಲ. ಸೈನ್ಯದಲ್ಲಿ ಕಾಕಾನ ಕೆಲಸವೇ ಹೊಸ ಆಯುಧಗಳನ್ನು ಪರೀಕ್ಷೆ ಮಾಡುವಾಗ ಫೋಟೋ ಹೊಡೆಯುವುದು. ಹೊಡೆಯುವವನ ಫೋಟೋ ಹೊಡೆಯುವವರು ಯಾರು?

"ಇವರು ರಾಜೂರಿಗೆ ನನ್ನ ನೋಡಾಕ ಬಂದಾಗ," ಕಾಕು ಶುರು ಮಾಡಿದರು, "ನಮ್ಮಪ್ಪ ಕೇಳಿದ, ಮಿಲ್ಟ್ರಿಯೊಳಗ ಹೊಡಿಯೂದು ಇರತೈತೇನ್ರಿ ಅಂತ. ದಿನಾ ಹೊಡೀತೀನ್ರಿ ಅಂದ್ರು. ಎಷ್ಟ ಅಂದ. ಐವತ್ತರ ತನಕ, ಮೋಡ ಇದ್ದ ದಿನ ಕಡಿಮಿ ಅಂದ್ರು!"

ಮದುವೆಯ ನಂತರ ಟ್ರಂಕಿನಲ್ಲಿ ಬಂದೂಕಿನ ಬದಲು ಕ್ಯಾಮೆರಾ ಕಂಡಾಗಲೇ ಕಾಕುಗೆ ಖರೇ ಸಂಗತಿ ಗೊತ್ತಾದದ್ದು.

"ಅಪ್ಪಗ ಹೇಳಲಿಲ್ಲೇನ್ರಿ?" ಅಂದೆ.

"ಹ್ಯಾಂಗ ಹೇಳಲಿ ಯವ್ವಾ? ಅಳಿಯಾ ದಿನಕ್ಕ ಐವತ್ತ ಮಂದೀನ ಹೊಡೀತಾನ ಅಂತ ಅಂವ ಓಣಿ ತುಂಬ ಸಾರಿದ್ದ. ಬಾಜೂ ಹೊಲದವರು ಬದುವಿನ ಜಗಳಾನ ಬಿಟ್ಟಿದ್ರು."

ಕಾಕಾ ನಗಲಿಲ್ಲ. "ಬೀಗರ ಮುಂದ ನಡೀತು ತಂಗಿ. ಸಾಲಿ ಹುಡುಗರ ಮುಂದ ಈ ಸುಳ್ಳ ಹೊತ್ತು ಹ್ಯಾಂಗ ನಿಲ್ಲಲಿ?" ಅಂದರು.

೩. ಬೆಳಕಿನ ಕಡೆ ಓಡುವ ಬಂಡಿ

ನಾಲ್ಕು ದಿನ ಬಿಟ್ಟು, ಟ್ರಂಕಿನ ತಳದಲ್ಲಿ ಸಿಕ್ಕಿದ್ದೆಂದು ಒಂದು ಫೋಟೋ ತಂದರು. ಸಮವಸ್ತ್ರದ ತರುಣ ಕಾಕಾ ಓಡುತ್ತಿದ್ದಾರೆ, ಟೋಪಿ ಗಾಳಿಯಲ್ಲಿದೆ, ಹಿಂದೆ ಬರೀ ಧೂಳು.

"ಒಂದ ಸಣ್ಣ ಬಂಡಿ ಮಾಡಿದ್ರು ತಂಗಿ. ಬೆಳಕ ಕಂಡ ಕಡೆ ತಾನ ಓಡಿಹೋಗಿ ಸಿಡೀಬೇಕು. ಪರೀಕ್ಷಾ ಅಂತ ಮದ್ದಿನ ಬದ್ಲಿ ಸುಣ್ಣದ ಪುಡಿ ತುಂಬಿದ್ರು. ಸಂಜಿ ಆಗಿತ್ತು. ದೂರ ಗುರಿಗೆ ದೀಪಾ ಇಟ್ಟಿದ್ರು. ನಾ ಈ ಕಡೆಯಿಂದ ಫ್ಲಾಶ್ ಹೊಡದೆ."

ಬಂಡಿ ದೀಪ ಬಿಟ್ಟು ಕಾಕಾನ ಕಡೆ ತಿರುಗಿತು. ಓಡುವ ಗಾಬರಿಯಲ್ಲಿ ಕೈ ಒತ್ತಿ ಒತ್ತಿ ಫ್ಲಾಶ್ ಮತ್ತೆ ಮತ್ತೆ ಬೆಳಗಿತು. ಸ್ಟ್ಯಾಂಡಿನ ಮೇಲೆ ತಾನೇ ಹೊಡೆಯುವಂತೆ ಇಟ್ಟಿದ್ದ ಇನ್ನೊಂದು ಕ್ಯಾಮೆರಾ ಇದನ್ನು ಹಿಡಿಯಿತು. ಧೂಳಿನಲ್ಲಿ ಬಂಡಿ ಕಾಣುವುದಿಲ್ಲ, ಗುಟ್ಟೇನೂ ಇಲ್ಲ ಎಂದು ಸಾಹೇಬರು ನಗುತ್ತ ಅವರಿಗೇ ಕೊಟ್ಟರಂತೆ.

"ಕಾಕಾ, ಆ ಫ್ಲಾಶ್ ಅಲ್ಲೇ ಒಗದು ಓಡಿದ್ರ ಆಗ್ತಿತ್ತಲ್ರಿ?"

"ಸರ್ಕಾರದ್ದು ತಂಗಿ. ಸಹಿ ಮಾಡಿ ತಗೊಂಡಿದ್ದೆ."

೪. ಸಾಲಿಯ ಗೋಡೆ

ಫೋಟೋದ ಕಲೆ ತೆಗೆದು, ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟೆ. ಆಗಸ್ಟ್ ಹದಿನೈದಕ್ಕೆ ನಾನೂ ಹೋಗಿದ್ದೆ. ಗೋಡೆಯ ಮೇಲಿನ ಫೋಟೋದ ಕೆಳಗೆ ಹೆಡ್‌ಮಾಸ್ತರರು ಬರೆಸಿದ್ದರು: 'ಶತ್ರುವಿನ ಮೇಲೆ ಮುನ್ನುಗ್ಗುತ್ತಿರುವ ನಮ್ಮೂರ ವೀರಯೋಧ.'

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಅಜ್ಜಾರ, ಶತ್ರು ಎಲ್ಲದಾನ್ರಿ?"

ಕಾಕಾ ಮೈಕು ಹಿಡಿದರು. ಕಾಕುವಿನ ಕಡೆ ನೋಡಿದರು. ಹೇಳ್ರಿ ಅನ್ನುವಂತೆ ಕಾಕು ಮೆಲ್ಲಗೆ ತಲೆಯಾಡಿಸಿದರು.

"ಹಿಂದದಾನವ್ವಾ. ಶತ್ರು ಅಲ್ಲ, ನಮ್ಮದ ಬಂಡಿ." ಬಂಡಿಯ ಕತೆಯನ್ನೆಲ್ಲ ಹೇಳಿದರು. "ನಾ ಮಂದಿ ಹೊಡದಾಂವ ಅಲ್ಲ, ಫೋಟೋ ಹೊಡದಾಂವ. ನನ್ನ ಕೈಲೆ ಒಬ್ರೂ ಸತ್ತಿಲ್ಲ."

ಮತ್ತೆ ಅದೇ ಹುಡುಗಿ: "ಸುಣ್ಣ ಬಿತ್ತೇನ್ರಿ?"

"ಮೈ ತುಂಬ!"

ಸಾಲಿಗೆ ಸಾಲಿಯೇ ನಕ್ಕು ಚಪ್ಪಾಳೆ ಹೊಡೆಯಿತು. ಕಾಕಾ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಅವತ್ತೇ ನೋಡಿದ್ದು.

ಹೆಡ್‌ಮಾಸ್ತರರು ಮಾತ್ರ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. "ಮೇಡಂ, ನಿಮ್ಮ ಕಂಪ್ಯೂಟರಿನ್ಯಾಗ ಇವರನ್ನ ಬಂಡಿ ಕಡೆ ಮುಖ ಮಾಡಿ ತಿರುವಾಕ ಬರತೈತೇನ್ರಿ?"

ಕಾಕುಗೆ ಕೇಳಿಸಿಬಿಟ್ಟಿತು. "ಬಿಡ್ರಿ ಸರ. ಮದವಿ ಆದಾಗಿಂದ ನಾನೂ ತಿರುವಾಕ ನೋಡೇನಿ. ಆ ಬಂಡಿ ತಿರುಗಿತು, ಇವರು ತಿರುಗಲಿಲ್ಲ."