ಮಾವನವರ ಟೊಮೆಟೊ ಮೀಸೆ

ಮುಳಬಾಗಿಲಿಗೆ ಜಪಾನನ್ನು ತಂದವನು ನಾನು! ಬೇಕಾದರೆ ನನ್ನ ಹೆಂಡತಿ ರಂಜಿತಳನ್ನು ಕೇಳಿ. ಬೇಡ, ಅವಳೊಬ್ಬಳನ್ನು ಬಿಟ್ಟು ಯಾರನ್ನಾದರೂ ಕೇಳಿ.

2004ರ ಮಾತು. ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನಲ್ಲಿ ಯಾರದೋ ಫಾರಂ ಪ್ರಿಂಟ್ ತೆಗೆಸಲು ಹೋಗಿದ್ದವನು, ಅರ್ಧ ಗಂಟೆ ಮಿಕ್ಕಿತೆಂದು ಅದೂ ಇದೂ ಒತ್ತುತ್ತಿದ್ದೆ. ಜಪಾನಿನ ಯಾರೋ ಕಲಾವಿದರು ಬರೆದ ಚಿತ್ರಗಳು ತೆರೆದುಕೊಂಡವು. ನಾವು ಹಿಂದೆ ಟಿ.ವಿ.ಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮಿನ ಹಾಗೆಯೇ ಎಲ್ಲವೂ ಚೌಕ ಚೌಕ! ಸಂಜೆಯ ರೈಲ್ವೆ ಸ್ಟೇಷನ್ನು, ನೂಡಲ್ಸ್ ಅಂಗಡಿ, ಮೆಟ್ಟಿಲ ಮೇಲೆ ಕೂತ ಬೆಕ್ಕು. ಹತ್ತಿರದಿಂದ ನೋಡಿದರೆ ಬಚ್ಚಲುಮನೆಯ ಟೈಲ್ಸು, ದೂರ ನಿಂತರೆ ಸಾಕ್ಷಾತ್ ಬೆಕ್ಕು. ಗೇಮಿನ ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಊದಿಯೇ ಒಂದು ಸಲ ಪಿ.ಯು.ಸಿ. ಫೇಲಾದವನು ನಾನು. ನನ್ನನ್ನು ಫೇಲು ಮಾಡಿಸಿದ ವಿದ್ಯೆಗೆ ಜಪಾನಿನಲ್ಲಿ ಕಲೆ ಎನ್ನುತ್ತಾರೆಂದು ತಿಳಿದು ಮೈ ಜುಮ್ಮೆಂದಿತು.

ಅದೇ ತಿಂಗಳು ಮಾವ ಕೋದಂಡರಾಮಪ್ಪನವರ ಅರವತ್ತರ ಶಾಂತಿ. ಅವರ ಮನೆ ರಿಪೇರಿಯಲ್ಲಿದ್ದುದರಿಂದ ಸಮಾರಂಭ ನಮ್ಮ ಮನೆಯಲ್ಲೇ. ಮದುವೆಯಾಗಿ ಆರು ವರ್ಷವಾದರೂ ಅವರ ಬಾಯಿಂದ ನನಗೊಂದು ‘ಭೇಷ್’ ಬಿದ್ದಿರಲಿಲ್ಲ. ಬೀಳುವುದಾದರೂ ಹೇಗೆ? ಬಾಯಿಗೆ ಅಡ್ಡವಾಗಿ ಅಂಥಾ ಮೀಸೆ! ಅದು ಅವರ ಜನ್ಮದಲ್ಲಿ ಇಳಿದದ್ದು ಒಂದೇ ಸಲ, ಅವರಪ್ಪ ತೀರಿಕೊಂಡಾಗ, ಕರ್ಮಕ್ಕೆ ಕೂರುವ ಮುಂಚೆ. ಆ ಮೀಸೆಯನ್ನು ಜಪಾನಿ ಶೈಲಿಯಲ್ಲಿ ಮೂಡಿಸಿ ಭೇಷ್ ಅನ್ನಿಸಿಕೊಂಡೇ ತೀರುತ್ತೇನೆಂದು ಶಪಥ ಮಾಡಿದೆ.

ಕಂಪ್ಯೂಟರ್ ಇಲ್ಲದಿದ್ದರೇನು, ಬೈರಕೂರಿನಲ್ಲಿ ಗೆಳೆಯ ಆಂಜಿನಪ್ಪನ ಟೊಮೆಟೊ ತೋಟವಿಲ್ಲವೇ? ಒಂದು ಟೊಮೆಟೊ ಒಂದು ಚೌಕ! ಮುಖಕ್ಕೆ ಕೆಂಪು ಹಣ್ಣು, ಮೀಸೆಗೆ ಹಸಿರು ಕಾಯಿ. ಆಂಜಿನಪ್ಪ ಎರಡು ಬಾಕ್ಸ್ ತಂದಿಳಿಸಿ, “ಕಾಯಿ ಎಲ್ಲಾ ಚೆನ್ನಾಗಿ ಬಲ್ತಿರೋದೇ ಹಾಕಿದೀನಿ ಸಾರ್” ಎಂದ. ಮಾವನವರ ಮೀಸೆಗೆ ಬಲಿತದ್ದೇ ಸರಿ ಎಂದು ನಾನೂ ಹಿಗ್ಗಿದೆ.

ರಂಜಿತ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಮೀಸೆಗೆ ಮೂಲಂಗಿ ಇಡ್ರೀ. ಬೆಳ್ಳಗಾದ್ರೂ ಇರುತ್ತೆ.”

“ಜಪಾನಿನ ಚಿತ್ರದಲ್ಲಿ ಎಲ್ಲಾ ಚೌಕಾನೂ ಒಂದೇ ಥರ ಇರ್ಬೇಕು ಕಣೇ.”

“ಟೊಮೆಟೊ ದುಂಡಗಿದೆಯಲ್ಲ?”

ಕಲೆಯನ್ನು ಇಂಥ ಪ್ರಶ್ನೆ ಕೇಳಬಾರದೆಂದು ಹೇಳಿ ಅವಳನ್ನು ಅಡುಗೆಮನೆಗೆ ಕಳಿಸಿದೆ.

ನಡುಮನೆಯ ಮಂಚಕ್ಕೆ ಕರಿ ಕಂಬಳಿ ಹಾಸಿ ನಾನೂರು ಟೊಮೆಟೊ ಜೋಡಿಸಿದೆ. ಸೊಂಟ ಹೋಯಿತು, ಉತ್ಸಾಹ ಹೋಗಲಿಲ್ಲ. ಕಣ್ಣು, ಹುಬ್ಬು, ಮೂಗಿಗೆ ಜಾಗ ಖಾಲಿ ಬಿಟ್ಟಾಗ ಕೆಳಗಿನ ಕಂಬಳಿ ಕಂಡು ಮಾವನವರು ನನ್ನನ್ನೇ ದುರುಗುಟ್ಟಿ ನೋಡತೊಡಗಿದರು. ಥೇಟ್ ಅವರೇ! ಮೀಸೆಗೂ ಹಾಗೇ ಬಿಡಬಹುದಿತ್ತು. ಆದರೆ ಮಾವನವರ ಮೀಸೆಯೆಂದರೆ ಖಾಲಿ ಜಾಗವೇ? ಅದಕ್ಕೆ ಐವತ್ತು ಬಲಿತ ಕಾಯಿ, ತುದಿ ಎರಡೂ ಮೇಲಕ್ಕೆ!

ಸಮಾರಂಭಕ್ಕೆ ಇನ್ನೂ ನಾಲ್ಕು ದಿನವಿತ್ತು. ನನಗೆ ಅಲ್ಲಿಯವರೆಗೆ ಕೋಲಾರದಲ್ಲಿ ಆಡಿಟ್ ಕೆಲಸ. ಗುಟ್ಟು ರಟ್ಟಾಗದಿರಲೆಂದು ಮೇಲೊಂದು ದಪ್ಪ ಕಂಬಳಿ ಹೊದಿಸಿ, ಯಾರೂ ತೆಗೆದು ನೋಡಕೂಡದೆಂದು ರಂಜಿತಳಿಂದ ಆಣೆ ಮಾಡಿಸಿಕೊಂಡು ಬಸ್ಸು ಹತ್ತಿದೆ. ಅವಳು ಮದುವೆಯಾದಾಗಿನಿಂದ ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಶಾಂತಿಯ ದಿನ ಹೋಮ ಮುಗಿಯಿತು. ನೆಂಟರೆಲ್ಲ ಮಂಚದ ಸುತ್ತ ನೆರೆದರು. ಮಾವನವರನ್ನೂ, ಅವರ ತಾಯಿ ಎಂಬತ್ತನಾಲ್ಕರ ಕದಿರಮ್ಮನವರನ್ನೂ ಕುರ್ಚಿ ಹಾಕಿ ಮುಂದೆ ಕೂರಿಸಿದೆ. ಜಪಾನಿನ ಬಗ್ಗೆ ನಾಲ್ಕು ಮಾತಾಡಿ ಗತ್ತಿನಿಂದ ಕಂಬಳಿ ಎಳೆದೆ.

ಕಣ್ಣಿತ್ತು. ಹುಬ್ಬಿತ್ತು. ಮೂಗಿತ್ತು. ಮೂಗಿನ ಕೆಳಗೆ ಗಲ್ಲದವರೆಗೂ ಬರೀ ಕೆಂಪು. ಮೀಸೆ ಮಾಯ!

“ಹಣ್ಣಿನ ಜತೆ ಕಾಯಿ ಸೇರ್ಸಿ ನಾಕು ದಿನ ಕಂಬಳಿ ಹೊದ್ಸಿದ್ರೆ ಹಣ್ಣಾಗ್ದೆ ಇನ್ನೇನಾಗುತ್ತೆ ಸಾರ್?” ಆಂಜಿನಪ್ಪ ಹಿಂದಿನಿಂದ ಹೇಳಿದ. “ನಾವು ಮಾವಿನಕಾಯಿ ಮಾಗ್ಸೋದೂ ಹಿಂಗೇನೇ.”

ಪುರೋಹಿತರು ಕೆಮ್ಮಿದರು. ಮಾವನವರ ಕೈ ತಾನಾಗಿ ಮೇಲೆದ್ದು ಮೀಸೆ ಇದೆಯೇ ಎಂದು ಮುಟ್ಟಿ ನೋಡಿಕೊಂಡಿತು. ಕದಿರಮ್ಮನವರು ಮಾತ್ರ ಕನ್ನಡಕ ಏರಿಸಿ ಚಿತ್ರದ ಮೇಲೆ ಬಾಗಿ, ಬೋಳು ತುಟಿಯನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

“ಕೋದಂಡ ಮೀಸೆ ತೆಗೆಸ್ಬಿಟ್ಟವ್ನೆ. ನಾನ್ ಯಾವಾಗ ಹೋದೆ ನಾಯನಾ? ನಂಗ್ಯಾರೂ ಹೇಳ್ನೇ ಇಲ್ವಲ್ಲ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನೆಂಟರು ನಗಲೋ ಬೇಡವೋ ಎಂದು ಮಾವನವರ ಮುಖ ನೋಡಿದರು. ಅಷ್ಟರಲ್ಲಿ ಮುದುಕಿಯೇ ಬಾಯಿಗೆ ಸೆರಗಿಟ್ಟು ಕುಲುಕುಲು ನಗತೊಡಗಿದರು. ರಂಜಿತ ದೊಡ್ಡ ಪಾತ್ರೆ ತಂದು ತನ್ನ ತಂದೆಯನ್ನು ಗಲ್ಲದ ಕಡೆಯಿಂದ ಕಿತ್ತು ತುಂಬಿಕೊಂಡು ಒಳಗೆ ಹೋದಳು.

ಮಧ್ಯಾಹ್ನದ ಪಂಕ್ತಿಯಲ್ಲಿ ಟೊಮೆಟೊ ಸಾರು ಬಡಿಸಿದ್ದು ನಾನೇ. ಮಾವನವರು ಅನ್ನಕ್ಕೆ ಸಾಲದೆಂದು ಲೋಟಕ್ಕೂ ಹಾಕಿಸಿಕೊಂಡು ಒಂದೇ ಗುಟುಕಿಗೆ ಇಳಿಸಿದರು.

“ಭೇಷ್!”

ಆರು ವರ್ಷದ ತಪಸ್ಸು! ಇನ್ನೊಂದು ಸೌಟು ಬಡಿಸಲು ಬಾಗಿದೆ. ಅವರು ನೋಡುತ್ತಿದ್ದುದು ಬಾಗಿಲಲ್ಲಿ ನಿಂತ ಮಗಳನ್ನು. ಆಮೇಲೆ ನಿಧಾನವಾಗಿ ನನ್ನ ಕಡೆಗೆ ಮುಖ ತಿರುಗಿಸಿದರು. ಬೆಳ್ಳನೆಯ ಮೀಸೆ ಈ ತುದಿಯಿಂದ ಆ ತುದಿಯವರೆಗೂ ಸಾರಿನಲ್ಲಿ ತೊಯ್ದು ಕೆಂಪಾಗಿತ್ತು.

“ಏನ್ ಅಳಿಯಂದ್ರೇ,” ಎಂದರು, “ಈಗ ನಿಮ್ಮ ಚಿತ್ರದ ಹಾಗೇ ಕಾಣ್ತೀನಾ?”