ನಲ್ಲಿಯಣ್ಣ ನಿಲ್ಲಿಸಿದ ಭೇದಿ

ನಲ್ಲಿ ರಿಪೇರಿ ಮಾಡುವ ಅವನನ್ನು ಊರೆಲ್ಲ ನಲ್ಲಿಯಣ್ಣ ಎಂದೇ ಕರೆಯುತ್ತಿತ್ತು. ಯಾರ ಮನೆಯ ಪೈಪು ಒಡೆದರೂ "ಅಣ್ಣಾ, ನೀವೇ ಗತಿ" ಎಂದು ಫೋನು ಬರುತ್ತಿತ್ತು. ಆದರೆ ಈ ಮರ್ಯಾದೆ ಅವನ ಸ್ವಂತ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಅಲ್ಲಿ ಹೆಂಡತಿಯೂ ಅತ್ತೆಯೂ ಅವನ ಮಾತನ್ನು ಹಳೇ ಫ್ಯಾನಿನ ಸದ್ದಿನಂತೆ ಕೇಳಿಸಿಕೊಳ್ಳುತ್ತಿದ್ದರು. (ಅಂದರೆ ಕೇಳಿಸಿಕೊಳ್ಳುತ್ತಿರಲಿಲ್ಲ.)

ಆ ದಿನ ಅವನಿಗೆ ರಜೆ. ಹೆಂಡತಿ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟಿದ್ದಳು. ಇನ್ನೂ ಎರಡು ವರ್ಷ ತುಂಬದ ಮಗಳು ಗುಬ್ಬಿ ಬೆಳಗ್ಗೆಯೇ ಚಡ್ಡಿಯ ಮೇಲೆ ಚಡ್ಡಿ ಬದಲಾಯಿಸಿಕೊಂಡಿದ್ದಳು.

"ಮಗೂಗೆ ಹೊಟ್ಟೆ ಸರಿಯಿಲ್ಲ ಅನ್ಸುತ್ತೆ. ಜಾಸ್ತಿಯಾದ್ರೆ ಫೋನ್ ಮಾಡ್ರೀ."

"ಊರಿನ ಮನೆಗಳನ್ನೆಲ್ಲ ನೋಡ್ಕೊಳ್ಳೋನು ನಾನು. ಇಷ್ಟುದ್ದದ ಮಗೂನ ನೋಡ್ಕೊಳ್ಳೋಕೆ ನಿಂಗೆ ಫೋನ್ ಮಾಡ್ಬೇಕಾ?" ಎಂದು ಅವನು ರೇಗಿದ.

ಅವಳು ಅತ್ತ ಹೋದಳೋ ಇಲ್ಲವೋ, ಇತ್ತ ಗುಬ್ಬಿಯ ಹೊಟ್ಟೆ ಕಟ್ಟೆಯೊಡೆಯಿತು. ಈ ಸಲ ಬರೀ ನೀರು. ಒರೆಸಿ ಎದ್ದು ನಿಲ್ಲುವಷ್ಟರಲ್ಲಿ ಮತ್ತೊಮ್ಮೆ. ನಲ್ಲಿಯಣ್ಣನಿಗೆ ಮೈಯೆಲ್ಲ ಉರಿಯಿತು. ರಜೆಯ ದಿನವೂ ನೆಲ ಒರೆಸುವ ಹಣೆಬರಹವೇ!

ಬಾಗಿಲಲ್ಲಿ ನಿಂತಿದ್ದ ಅತ್ತೆ ತೀರ್ಪು ಕೊಟ್ಟರು. "ಹಲ್ಲು ಬರ್ತಿದೆ, ಅದಕ್ಕೇ. ಎಲ್ಲ ಮಕ್ಕಳಿಗೂ ಆಗುತ್ತೆ."

"ಹಲ್ಲು ಬರೋದು ಮೇಲೆ, ಅತ್ತೆ. ಇದು ಬರ್ತಿರೋದು ಕೆಳಗೆ! ಎಲ್ಲ ನೀವು ನಿನ್ನೆ ತಿನ್ನಿಸಿದ ಬಾಳೆಹಣ್ಣಿನ ಪ್ರತಾಪ."

"ನನ್ನ ಮಗಳೂ ಬಾಳೆಹಣ್ಣು ತಿಂದೇ ಬೆಳೆದಿದ್ದು. ಅವಳಿಗೇನಾಗಿದೆ?"

ಏನೇನಾಗಿದೆ ಎಂದು ಹೇಳಲು ಬಾಯಿ ತೆರೆದವನು, ಮಧ್ಯಾಹ್ನದ ಊಟ ಅತ್ತೆಯ ಕೈಯಲ್ಲಿರುವುದು ನೆನಪಾಗಿ ಮುಚ್ಚಿಕೊಂಡ. ಆಮೇಲೆ ತನ್ನ ವೃತ್ತಿಜ್ಞಾನವನ್ನೆಲ್ಲ ಒಟ್ಟುಗೂಡಿಸಿ ಘನಗಂಭೀರವಾಗಿ ಘೋಷಿಸಿದ. "ಒಳಗೆ ಹೋದ್ರೆ ತಾನೆ ಹೊರಗೆ ಬರೋದು? ಮೇಲಿನ ವಾಲ್ವ್ ಬಂದ್ ಮಾಡಿದ್ರೆ ಕೆಳಗೆ ತಾನಾಗೇ ನಿಲ್ಲುತ್ತೆ."

ಹಾಲು ಬಂದ್, ಅನ್ನ ಬಂದ್. ನೀರಿನ ಬಾಟಲಿ ಕಪಾಟಿನ ನೆತ್ತಿಗೇರಿತು. ಗುಬ್ಬಿ ಅದರತ್ತ ಕೈ ಚಾಚಿ "ನೀಯು, ನೀಯು" ಎಂದು ಅತ್ತಳು.

"ಒಂದು ಗುಟುಕಾದ್ರೂ ಕೊಡಿ," ಎಂದರು ಅತ್ತೆ.

"ನೀರಿನ ವಿಷಯ ನನಗೆ ಬಿಡಿ!"

"ನನ್ನ ಮಾತು ಈ ಮನೇಲಿ ಯಾರಿಗೆ ಬೇಕು?" ಎಂದು ಅತ್ತೆ ಮೂತಿ ತಿರುವುತ್ತ ಟೀವಿಯ ಮುಂದೆ ಹೋಗಿ ಕುಳಿತರು.

ಸಂಜೆಯ ಹೊತ್ತಿಗೆ ಗುಬ್ಬಿ ಅಪ್ಪನ ಹೆಗಲ ಮೇಲೆ ತಣ್ಣಗೆ ಒರಗಿದ್ದಳು. ಹೆಂಡತಿ ಚಪ್ಪಲಿ ಬಿಡುವುದಕ್ಕೂ ಅವನು ಬಿಡಲಿಲ್ಲ, ವಿಜಯವಾರ್ತೆ ಒಪ್ಪಿಸಿದ. "ನೋಡು, ಹೇಗೆ ನಿಲ್ಲಿಸ್ದೆ! ಭೇದಿ ಅಷ್ಟೇ ಅಲ್ಲ, ಮಧ್ಯಾಹ್ನದಿಂದ ಒಂದು ಹನಿ ಉಚ್ಚೇನೂ ಇಲ್ಲ. ಬಟ್ಟೆ ಒಗೆಯೋದೂ ಉಳೀತು. ಅಳೋದು ಕೂಡ ಬರೀ ನಾಟಕ, ಕಣ್ಣಲ್ಲಿ ನೀರೇ ಬರಲ್ಲ!"

ಹೆಂಡತಿಯ ಕೈಚೀಲ ಕೆಳಗೆ ಬಿತ್ತು. ಮಗುವನ್ನು ಕಿತ್ತುಕೊಂಡು ನೋಡಿದಳು. ತುಟಿ, ನಾಲಿಗೆ ಒಣಗಿದ್ದವು. ಕಣ್ಣುಗಳು ಗುಳಿಬಿದ್ದಿದ್ದವು. ಹೊಟ್ಟೆಯ ಚರ್ಮವನ್ನು ಹಿಡಿದು ಬಿಟ್ಟರೆ ಅದು ತಡೆದು ತಡೆದು ಸರಿಹೋಯಿತು.

"ಭೇದಿ ನಿಲ್ಲಿಸಿಲ್ಲ ಕಣ್ರೀ, ಮಗೂನ ಒಣಗಿಸಿದ್ದೀರಿ! ಆಟೋ ಕರೀರಿ!"

ಅವನಿಗೆ ಜೀವ ಬಾಯಿಗೆ ಬಂತು. ಮದುವೆಯಾದ ಮೇಲೆ ಮೊದಲ ಬಾರಿಗೆ ಎದುರುತ್ತರ ಕೊಡದೆ, ಬರಿಗಾಲಲ್ಲಿ ಬೀದಿಗೆ ಓಡಿದ.

ಕ್ಲಿನಿಕ್ಕಿನ ಡಾಕ್ಟರಮ್ಮ ಮಗುವನ್ನು ನೋಡಿ ಅಪ್ಪನನ್ನು ದುರುಗುಟ್ಟಿ ನೋಡಿದರು. "ಪುಣ್ಯ, ಇನ್ನೂ ಕುಡೀತಾಳೆ. ಕುಡಿಯೋಕೂ ಆಗದೆ ಮಂಕಾಗಿ ಬಿದ್ದಿದ್ರೆ ಆಸ್ಪತ್ರೆಗೆ ಸೇರಿಸಿ ನರಕ್ಕೆ ಡ್ರಿಪ್ ಹಾಕ್ಬೇಕಿತ್ತು." ಓಆರ್‌ಎಸ್ ಪುಡಿಯ ಪೊಟ್ಟಣ ಒಡೆದು, ಅದರ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಪೂರ್ತಿ ಕಲಸಿ, ಚಮಚವನ್ನು ಅವನ ಕೈಗಿತ್ತರು. "ಸ್ವಲ್ಪ ಸ್ವಲ್ಪ ಕುಡಿಸ್ತಾ ಇರಿ. ವಾಂತಿಯಾದ್ರೆ ಸ್ವಲ್ಪ ಹೊತ್ತು ತಡೆದು, ಮತ್ತೆ ನಿಧಾನಕ್ಕೆ."

"ಕುಡಿಸಿದ್ದೆಲ್ಲ ಹೊರಗೆ ಬರುತ್ತಲ್ಲ, ಡಾಕ್ಟರಮ್ಮ? ಭೇದಿ ನಿಲ್ಲಿಸೋ ಮಾತ್ರೆ ಕೊಡಿ."

"ಚಿಕ್ಕ ಮಕ್ಕಳಿಗೆ ಅದನ್ನ ಕೊಡಬಾರದು. ಬಂದ್ರೆ ಬರಲಿ. ಮೈಯಿಂದ ಹೋದ ನೀರು, ಉಪ್ಪು ವಾಪಸ್ಸು ತುಂಬೋದು ಮುಖ್ಯ. ಊಟ, ಹಾಲು ಯಾವುದನ್ನೂ ನಿಲ್ಲಿಸಬೇಡಿ. ಜಿಂಕ್ ಮಾತ್ರೆ ಬರೆದುಕೊಡ್ತೀನಿ. ರಕ್ತ ಕಂಡ್ರೆ, ಜ್ವರ ಏರಿದ್ರೆ, ಕುಡಿದದ್ದೆಲ್ಲ ವಾಂತಿಯಾದ್ರೆ ತಕ್ಷಣ ಕರೆತನ್ನಿ."

ಅವನು ಚಮಚ ಹಿಡಿದು ಕುಳಿತ. ಕೈ ಸೋತಿತು, ಬೆನ್ನು ಹಿಡಿಯಿತು. ಎದ್ದರೆ ಹೆಂಡತಿ ಕಣ್ಣಲ್ಲೇ ಕೂರಿಸಿದಳು. ಕೊನೆಗೊಮ್ಮೆ ಗುಬ್ಬಿ ಅವನ ಕೈಯ ಚಮಚವನ್ನೇ ಕಿತ್ತುಕೊಂಡು ಅವನ ಮೂಗಿಗೆ ಹೊಡೆದಳು. ಹಿಂದೆಯೇ ಅವನ ತೊಡೆ ಬೆಚ್ಚಗಾಯಿತು. ಉಚ್ಚೆ! ಡಾಕ್ಟರಮ್ಮನೂ ಸೇರಿ ಮೂವರೂ ದೊಡ್ಡವರು ಲಾಟರಿ ಹೊಡೆದಂತೆ ನಕ್ಕರು. ಅವನ ಕಣ್ಣಂತೂ ಒದ್ದೆಯೇ ಆಯಿತು.

ಭಯ ಇಳಿದದ್ದೇ ತಡ, ಸಿಟ್ಟು ಮರಳಿ ಏರಿತು.

"ಇದಕ್ಕೆಲ್ಲ ಆ ಬಾಳೆಹಣ್ಣೇ ಕಾರಣ ಅಂತ ಇವಳಿಗೆ ಹೇಳಿ, ಡಾಕ್ಟರಮ್ಮ. ಮನೇಲಿ ಅತ್ತೆ ಒಪ್ಪೋದಿಲ್ಲ."

"ಬಾಳೆಹಣ್ಣು ಕೊಡಬಹುದು. ನಿನ್ನೆ ಬೇರೆ ಏನು ತಿಂದಳು? ಯಾರು ತಿನ್ನಿಸಿದ್ರು?"

"ನಾನೇ ರಾತ್ರಿ ಅನ್ನ ಕಲಸಿ ಕೊಟ್ಟೆ. ಕೆಲಸದಿಂದ ಬಂದವನೇ, ಸುಸ್ತಾಗಿದ್ರೂ!"

"ನಿನ್ನೆ ಏನು ಕೆಲಸ?"

"ಪಕ್ಕದ ಬೀದೀಲಿ ಚರಂಡಿ ಕಟ್ಟಿಕೊಂಡಿತ್ತು..." ಎಂದವನ ದನಿ ಅಲ್ಲೇ ಕಟ್ಟಿಕೊಂಡಿತು.

"ಸೋಪು ಹಾಕಿ ಕೈ ತೊಳೆದ್ರಾ?"

"ಪ್ಯಾಂಟಿಗೆ... ಚೆನ್ನಾಗೇ ಒರೆಸಿಕೊಂಡೆ."

ಹೆಂಡತಿ ಗುಬ್ಬಿಯನ್ನು ಅವನ ತೊಡೆಯಿಂದ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು.

"ಕಾರಣ ಅದೇ ಅಂತ ಖಚಿತವಾಗಿ ಹೇಳೋಕಾಗಲ್ಲ. ಆದ್ರೂ ಬಾಳೆಹಣ್ಣಿನ ಮೇಲಿರೋ ಕೇಸು ವಾಪಸ್ ತಗೊಳ್ಳಿ," ಎಂದರು ಡಾಕ್ಟರಮ್ಮ.

ಗುಬ್ಬಿ ಕೆಲವೇ ದಿನಗಳಲ್ಲಿ ಮೊದಲಿನಂತೆ ಮನೆಯನ್ನು ತಲೆಕೆಳಗು ಮಾಡತೊಡಗಿದಳು. ಒಂದು ಸಂಜೆ ನಲ್ಲಿಯಣ್ಣ ಕೆಲಸ ಮುಗಿಸಿ ಬಂದು, ಬಚ್ಚಲಲ್ಲಿ ಕೈಗೆ ಬರೀ ನೀರು ಸೋಕಿಸಿ, "ಬಾರೇ ನನ್ನ ಬಂಗಾರಿ" ಎಂದು ತೋಳು ಚಾಚಿದ. ಗುಬ್ಬಿ ಓಡೋಡಿ ಬಂದಳು. ಬಂದವಳು ತಬ್ಬಿಕೊಳ್ಳದೆ ಅವನ ಬೆರಳು ಹಿಡಿದು ಮೂಸಿದಳು. ಅತ್ತೆಯತ್ತ ತಿರುಗಿದಳು.

"ಅಜ್ಜೀ, ಚೋಪು ಇಲ್ಲ."

"ಇಷ್ಟುದ್ದ ಇಲ್ಲ, ನನ್ನ ಮೇಲೇ ಚಾಡಿ!" ಎಂದು ಅವನು ಸಿಡುಕಿದ. ಹೆಂಡತಿ ಬಚ್ಚಲಿನ ದೀಪ ಹಾಕಿದಳು, ಅತ್ತೆ ಟವೆಲ್ ಹಿಡಿದು ನಿಂತರು. ಊರಿಗೆಲ್ಲ ಗತಿಯಾದ ನಲ್ಲಿಯಣ್ಣ ಗೊಣಗುತ್ತ ಒಳಗೆ ಹೋದ. ಬಾಗಿಲು ಹಾಕಿಕೊಳ್ಳಲು ಮಾತ್ರ ಗುಬ್ಬಿ ಬಿಡಲಿಲ್ಲ.